ವಾಮನರಾಯರು ಸಿನಿಮಾಕ್ಕೆ ಹೋದದ್ದು

ನನಗೆ ಒಂದೆಡೆ ಕೂರಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಈ ಬರಹವೂ ನನ್ನ ಹಾಗೆಯೇ ನಡುನಡುವೆ ಎದ್ದು, ಅಡುಗೆಮನೆಗೆ ಹೋಗಿ, ಡಬ್ಬಿಯ ಮುಚ್ಚಳ ತೆಗೆದು ನೋಡಿಕೊಂಡು ವಾಪಸ್ಸು ಬರುವ ಸಂಭವವಿದೆ. ವಡೋದರಾದ ಮಕರಪುರದಲ್ಲಿ ಟ್ರಾನ್ಸ್‌ಫಾರ್ಮರ್ ಮಾಡುವ ಒಂದು ಕಾರ್ಖಾನೆಯಿದೆ. ತಯಾರಾದದ್ದನ್ನು ಪರೀಕ್ಷೆ ಮಾಡುವುದು ನನ್ನ ಕೆಲಸ. ದಿನವಿಡೀ ಓಡಾಡುತ್ತಲೇ ಇರಬೇಕಾದ್ದರಿಂದ ಅಲ್ಲಿ ನನ್ನ ಈ ಗುಣಕ್ಕೆ ಸಂಬಳವೂ ಸಿಗುತ್ತದೆ. ತೊಂದರೆ ಬರುವುದು ಸಿನಿಮಾ ಮಂದಿರದಲ್ಲಿ. ಅರ್ಧ ಗಂಟೆ ಕಳೆಯುವುದರೊಳಗೆ ಎದ್ದು ಹೊರಗೆ ಹೋಗಿಬರಬೇಕು ಅನ್ನಿಸತೊಡಗುತ್ತದೆ. ಬಸ್ಸಿನಲ್ಲಿ ವಾಂತಿ ಮಾಡುವ ಮಗುವನ್ನು ಕಿಟಕಿಯ ಪಕ್ಕ ಕೂರಿಸುತ್ತಾರಲ್ಲ, ಹಾಗೆ ನನ್ನ ಹೆಂಡತಿ ಶೈಲಜಾ ನನ್ನನ್ನು ಯಾವಾಗಲೂ ಸಾಲಿನ ತುದಿಯ ಸೀಟಿನಲ್ಲಿ ಕೂರಿಸುತ್ತಾಳೆ.

ಇದಕ್ಕೆ ನನ್ನದೊಂದು ಸಮಜಾಯಿಷಿ ಇದೆ. ನಾನು ಬೆಳೆದದ್ದು ಧಾರಾವಾಹಿಗಳ ಕಾಲದಲ್ಲಿ. ಅರಸೀಕೆರೆಯಲ್ಲಿ ನಮ್ಮ ಬೀದಿಗೆಲ್ಲ ಒಂದೇ ಟಿ.ವಿ. ಇದ್ದಾಗ, ವಾರಕ್ಕೊಮ್ಮೆ ಅರ್ಧ ಗಂಟೆ ಕಥೆ ನೋಡಿ, ಉಳಿದ ವಾರವೆಲ್ಲ ಅದರ ಬಗ್ಗೆ ಮಾತಾಡಿಕೊಂಡು ಓಡಾಡುತ್ತಿದ್ದೆವು. ಕಥೆಯೆಂದರೆ ನೋಡುವುದು ಕಡಿಮೆ, ಓಡಾಡುವುದು ಜಾಸ್ತಿ ಎಂದು ನನ್ನ ಕಾಲುಗಳಿಗೆ ಆಗಲೇ ಮನದಟ್ಟಾಗಿಬಿಟ್ಟಿತು. ಸಿನಿಮಾದವರು ಅದೇ ಕಥೆಯನ್ನು ಒಂದೇ ಪಟ್ಟಿಗೆ ಕೂರಿಸಿ ತಿನ್ನಿಸಲು ಬರುತ್ತಾರೆ. ಕಾಲು ಒಪ್ಪುವುದಿಲ್ಲ.

ಹೀಗಿರುವಾಗ ಒಂದು ದಿನ, ವಡೋದರಾದ ಕನ್ನಡಿಗರ ಗುಂಪಿನಲ್ಲಿ ಯಾರೋ ಸುದ್ದಿ ಹಾಕಿದರು. ಒಂದಾನೊಂದು ಕಾಲದಲ್ಲಿ ನಾವೆಲ್ಲ ಬಾಯಿಪಾಠ ಮಾಡಿಕೊಂಡಿದ್ದ ಹಳೆಯ ಧಾರಾವಾಹಿಯೊಂದು ಸಿನಿಮಾ ಆಗಿದೆಯಂತೆ, ಭಾನುವಾರ ಬೆಳಿಗ್ಗೆ ಅಹಮದಾಬಾದಿನಲ್ಲಿ ಒಂದೇ ಒಂದು ಆಟವಂತೆ. ಆ ಧಾರಾವಾಹಿಯ ನಿಜವಾದ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ನೀವು ನಿಮ್ಮ ನೆನಪುಗಳನ್ನು ಬಿಚ್ಚಿಕೊಂಡು ಕೂರುತ್ತೀರಿ, ನನ್ನ ಮಾತು ಮುಂದೆ ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಅದನ್ನು ‘ಖಾನಾವಳಿ’ ಎನ್ನುತ್ತೇವೆ. ಉತ್ತರ ಕರ್ನಾಟಕದ ಯಾವುದೋ ಊರಿನ ರೈಲ್ವೆ ಸ್ಟೇಷನ್ ಎದುರು ಗೋದಕ್ಕ ಎಂಬ ಹೆಂಗಸು ನಡೆಸುವ ಖಾನಾವಳಿ. ಅಲ್ಲಿಗೆ ಎರಡು ಹೊತ್ತೂ ಊಟಕ್ಕೆ ಬಂದು, ಎರಡು ಹೊತ್ತೂ ಊಟವನ್ನು ಬೈದು, ಆದರೆ ಬೇರೆಲ್ಲೂ ಉಣ್ಣದ ವಾಮನರಾಯರು ಎಂಬ ನಿವೃತ್ತ ಹೆಡ್ ಕ್ಲರ್ಕು. ಕಥೆ ಇಷ್ಟೇ. ಒಂದು ಕಂತು ಪೂರ್ತಿ ವಾಮನರಾಯರ ಛತ್ರಿ ಕಳೆದುಹೋಗುತ್ತದೆ. ಇನ್ನೊಂದರಲ್ಲಿ ಗೋದಕ್ಕನಿಗೆ ಜ್ವರ ಬಂದು ಗಿರಾಕಿಗಳೇ ಅಡುಗೆ ಮಾಡಿಕೊಳ್ಳುತ್ತಾರೆ. ಒಂದರಲ್ಲಿ ಏನೂ ಆಗುವುದಿಲ್ಲ, ಎಲ್ಲರೂ ತಡವಾದ ರೈಲಿಗೆ ಕಾಯುತ್ತಾರೆ. ಅದು ನನಗೆ ಅತ್ಯಂತ ಪ್ರಿಯವಾದ ಕಂತು.

ಸುದ್ದಿ ಓದಿದ ಕೂಡಲೇ ನನಗೆ ಕಸಿವಿಸಿ ಶುರುವಾಯಿತು. ಬಾಲ್ಕನಿಯಿಂದ ಬಾಗಿಲಿಗೆ, ಬಾಗಿಲಿನಿಂದ ಬಾಲ್ಕನಿಗೆ ನಡೆದೆ. ಶೈಲಜಾ ಸೊಪ್ಪು ಬಿಡಿಸುತ್ತ, “ಸಿನಿಮಾ ಮಾಡಿರೋದು ಅವರು, ನಿಮಗ್ಯಾಕ್ರೀ ಹೊಟ್ಟೆನೋವು?” ಅಂದಳು. ಅವಳಿಗೆ ಉತ್ತರ ಗೊತ್ತಿತ್ತು. ನಿಮಗೆ ಮಾತ್ರ ಹೇಳಬೇಕು. ಖಾನಾವಳಿ ನಮ್ಮ ಮನೆಗೆ ಬರಿಯ ಧಾರಾವಾಹಿಯಾಗಿರಲಿಲ್ಲ. ನಮ್ಮ ಮಗಳ ಕನ್ನಡ ಇಡಿಯಾಗಿ ಅದರಿಂದಲೇ ಬಂದದ್ದು.

ಸಿಂಚನಾ ಹುಟ್ಟಿದ್ದು ವಡೋದರಾದಲ್ಲಿ, ಬೆಳೆದದ್ದು ಫತೇಗಂಜಿನ ನಮ್ಮ ಫ್ಲಾಟಿನಲ್ಲಿ. ಅಪ್ಪ ಅರಸೀಕೆರೆಯವನು, ಅಮ್ಮ ತಿಪಟೂರಿನವಳು, ಮಗು ಮಾತ್ರ ಗುಜರಾತಿ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳು ಗುಜರಾತಿಯಲ್ಲಿ ಉತ್ತರಿಸುತ್ತಿದ್ದಳು. ಸಿಟ್ಟು ಬಂದರೆ ಹಿಂದಿ, ಅತಿಥಿಗಳು ಬಂದರೆ ಇಂಗ್ಲಿಷ್. ಶೈಲಜಾ ಅಕ್ಷರಮಾಲೆಯ ಪಟ ತಂದು ಗೋಡೆಗೆ ಹಚ್ಚಿದಳು. ಮಗಳು ಆ ಪಟದ ಮೇಲೆ ತನ್ನ ಶಾಲೆಯ ವೇಳಾಪಟ್ಟಿ ಅಂಟಿಸಿದಳು. ನಾನು ದಿನಕ್ಕೊಂದು ಕನ್ನಡ ಪದ ಕಲಿಸುವ ಯೋಜನೆ ಹಾಕಿದೆ. ಆಮೆ, ಇಲಿ, ಈಟಿ ದಾಟಿ ಅದು ಮುಂದೆ ಹೋಗಲಿಲ್ಲ. ಈಟಿಯಿಂದ ಅವಳಿಗೆ ಏನಾಗಬೇಕಿತ್ತೋ ದೇವರೇ ಬಲ್ಲ.

ಅವಳು ಏಳನೆಯ ತರಗತಿಯಲ್ಲಿದ್ದಾಗ ಗರ್ಬಾ ಆಡುವಾಗ ಬಿದ್ದು ಕಾಲು ಮುರಿದುಕೊಂಡಳು. ಪ್ಲಾಸ್ಟರ್ ಹಾಕಿಸಿ ಮಲಗಿಸಿದೆವು. ಅದೇ ದಿನಗಳಲ್ಲಿ ಯಾರೋ ಪುಣ್ಯಾತ್ಮರು ಖಾನಾವಳಿಯ ಹಳೆಯ ಕ್ಯಾಸೆಟ್ಟುಗಳನ್ನು ಅಂತರ್ಜಾಲಕ್ಕೆ ಏರಿಸಿದ್ದರು. ನಾನು ಸಂಜೆ ಅವಳ ಮಂಚದ ಪಕ್ಕ ಕೂತು, ಎದ್ದು, ಕೂತು, ನನ್ನ ಪಾಡಿಗೆ ನೋಡುತ್ತಿದ್ದೆ. ಬೇರೆ ದಾರಿಯಿಲ್ಲದೆ ಅವಳೂ ನೋಡಿದಳು. ಆಮೇಲೆ ನಾನು ಕಾರ್ಖಾನೆಗೆ ಹೋದಾಗಲೂ ನೋಡತೊಡಗಿದಳು. ಮುಗಿದ ಮೇಲೆ ಮೊದಲಿನಿಂದ ನೋಡಿದಳು. ಒಂದು ಮಧ್ಯಾಹ್ನ ಶೈಲಜಾ ತಟ್ಟೆಗೆ ಅನ್ನ, ಸಾರು ಹಾಕಿ ಕೊಟ್ಟಾಗ, ಮಗಳು ಒಂದು ತುತ್ತು ಬಾಯಿಗಿಟ್ಟು, ಕನ್ನಡಕವಿಲ್ಲದ ಕಣ್ಣುಗಳಿಂದ ಕನ್ನಡಕದ ಮೇಲಿಂದ ನೋಡುವ ವಾಮನರಾಯರ ಹಾಗೆ ನೋಡಿ, “ಅಮ್ಮಾ, ಇದು ಸಾರೋ, ಸಾರಿನ ಪಾತ್ರಿ ತೊಳದ ನೀರೋ, ಸ್ವಲ್ಪ ತಿಳಿಸಿ ಹೇಳ್ರಿ” ಅಂದಳು.

ಅದು ನಮ್ಮ ಮಗಳು ಆಡಿದ ಮೊದಲ ಪೂರ್ಣ ಕನ್ನಡ ವಾಕ್ಯ. ಶೈಲಜಾ ಸಿಟ್ಟಾಗಬೇಕೋ ಅಳಬೇಕೋ ತಿಳಿಯದೆ ಸೌಟು ಹಿಡಿದುಕೊಂಡು ನಿಂತಳಂತೆ.

ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಮಗಳಿಗೆ ನಿರರ್ಗಳ ಕನ್ನಡ ಬಂದಿತ್ತು. ಆದರೆ ಅದು ನಮ್ಮ ಕನ್ನಡವಲ್ಲ. ಗುಜರಾತಿಗೆ ಬಂದ ನಮ್ಮನ್ನು ಬಿಟ್ಟರೆ ನಮ್ಮಿಬ್ಬರ ವಂಶದಲ್ಲಿ ತುಂಗಭದ್ರೆ ದಾಟಿದವರೇ ಇಲ್ಲ. ಮಗಳು ಮಾತ್ರ ಧಾರವಾಡದ ಕಡೆಯ ಅರವತ್ತು ದಾಟಿದ ಹೆಡ್ ಕ್ಲರ್ಕಿನಂತೆ ಮಾತಾಡುತ್ತಿದ್ದಳು. ಊರಿನಿಂದ ನನ್ನ ಅಮ್ಮ ಫೋನು ಮಾಡಿ “ಊಟ ಆಯ್ತೇನೇ?” ಅಂತ ಕೇಳಿದರೆ, “ಆತ್ರೀ. ನಿಮ್ಮ ಮೊಣಕಾಲು ಹೆಂಗದ? ಎಣ್ಣಿ ಹಚ್ಚಿಸ್ಕೊಳ್ರಿ, ಅಸಡ್ಡಿ ಮಾಡಬ್ಯಾಡ್ರಿ” ಎನ್ನುತ್ತಿದ್ದಳು. ಅಮ್ಮ ಫೋನು ನನಗೆ ಕೊಡಿಸಿ, “ಏನೋ, ನಿನ್ನ ಮಗಳಿಗೆ ಪಿಂಚಣಿ ಬರುತ್ತೇನೋ?” ಎಂದು ಕೇಳಿದರು.

ನಾವು ತಿದ್ದಲು ಹೋಗಲಿಲ್ಲ. ಬಂದದ್ದೇ ದೊಡ್ಡದು ಅಂದುಕೊಂಡೆವು. ಅವಳು ಅದೇ ಕನ್ನಡದಲ್ಲಿ ದೊಡ್ಡವಳಾದಳು, ಫತೇಗಂಜಿನ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆ ಓದಿದಳು, ಈಗ ಸೂರತ್‌ನಲ್ಲಿ ಸೀರೆಗಳಿಗೆ ವಿನ್ಯಾಸ ಬರೆಯುವ ಕೆಲಸದಲ್ಲಿದ್ದಾಳೆ. ಸಿನಿಮಾದ ಸುದ್ದಿ ಅವಳಿಗೂ ತಲುಪಿತ್ತು. ರಾತ್ರಿಯ ಊಟದ ಹೊತ್ತಿಗೆ ಫೋನು ಬಂತು.

“ಪಪ್ಪಾ, ಭಾನುವಾರ ನಾನೂ ಬರ್ತೀನ್ರಿ. ಒಬ್ಬರನ್ನ ಕರಕೊಂಡು ಬರ್ತೀನಿ.”

“ಒಬ್ಬರನ್ನ ಅಂದರೆ?”

“ಒಬ್ಬರನ್ನರೀ. ಹರ್ಷಿಲ್ ಅಂತ. ಇಲ್ಲೇ ನಮ್ಮ ಆಫೀಸಿನ್ಯಾಗ ಬಣ್ಣ ಹೊಂದಸೂ ಕೆಲಸ ಮಾಡ್ತಾನ. ನಿಮ್ಮ ಮಂದಿ ಹೆಂಗ, ನಿಮ್ಮ ಭಾಷಾ ಹೆಂಗ ಅಂತ ಯಾವಾಗಲೂ ಕೇಳ್ತಿರ್ತಾನ. ನಾ ಎಷ್ಟಂತ ಹೇಳ್ಲಿ? ಇದೊಂದು ತೋರಿಸಿಬಿಟ್ರ ಅವಗ ಎಲ್ಲಾ ತಿಳೀತದ.”

ಫೋನು ಇಟ್ಟ ಮೇಲೆ ನಾನು ಮತ್ತೆ ಬಾಲ್ಕನಿ, ಬಾಗಿಲು ಶುರು ಮಾಡಿದೆ. ಶೈಲಜಾಳ ಮುಖ ನೋಡಿದರೆ ಹರ್ಷಿಲನ ವಿಷಯ ಅವಳಿಗೆ ಎಂದೋ ಗೊತ್ತಿದ್ದಂತಿತ್ತು. ನನ್ನ ಚಡಪಡಿಕೆಗೆ ಈಗ ಎರಡು ಕಾರಣಗಳಾದವು, ಮತ್ತು ಎರಡೂ ಒಂದಕ್ಕೊಂದು ಗಂಟು ಹಾಕಿಕೊಂಡಿದ್ದವು. ಹುಡುಗ ಹೇಗಿದ್ದಾನೋ ಎಂಬುದು ಒಂದು. ಆ ಹುಡುಗನಿಗೆ ನಮ್ಮನ್ನು ಪರಿಚಯಿಸಲು ಹೊರಟಿರುವ ಸಿನಿಮಾ ಹೇಗಿದೆಯೋ ಎಂಬುದು ಇನ್ನೊಂದು. ಹೆಣ್ಣು ಕೊಡುವವರ ಮನೆಯ ಗೋಡೆಗೆ ಯಾರೋ ಬೇರೆಯವರು ಬಣ್ಣ ಹೊಡೆದಂತೆ.

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಸಹೋದ್ಯೋಗಿ ಪರೇಶಭಾಯಿಯ ಹತ್ತಿರ ಹೇಳಿಕೊಂಡೆ. ಅವರದು ಇದರ ಉಲ್ಟಾ ಸಂಕಟ. ಅವರು ಹುಡುಗನಾಗಿದ್ದಾಗ ಪ್ರಾಣ ಬಿಡುತ್ತಿದ್ದ ಒಂದು ಸಿನಿಮಾವನ್ನು ಈಗ ಯಾರೋ ಉದ್ದಾನುದ್ದ ಸರಣಿ ಮಾಡಿದ್ದಾರೆ. “ನೋಡಿ, ಹಳೆಯದರಲ್ಲಿ ಖಳನಾಯಕ ಬರುತ್ತಿದ್ದ, ಕೆಟ್ಟ ಕೆಲಸ ಮಾಡುತ್ತಿದ್ದ, ಸಾಯುತ್ತಿದ್ದ. ಈಗ ಅವನಿಗೊಂದು ಬಾಲ್ಯ ಕೊಟ್ಟಿದ್ದಾರೆ. ಮೂರು ಕಂತಿನಿಂದ ಅವನ ಅಮ್ಮ ಅಳುತ್ತಿದ್ದಾಳೆ. ನಾನು ಅವನನ್ನು ದ್ವೇಷಿಸುವುದು ಯಾವಾಗ?” ಎಂದು ಹಪ್ಪಳದಂಥ ಖಾಖರಾ ಮುರಿಯುತ್ತ ಕೇಳಿದರು. ಆ ಸಿನಿಮಾದಲ್ಲಿ ಮೊದಲ ಹತ್ತು ನಿಮಿಷಕ್ಕೇ ಸಾಯುತ್ತಿದ್ದ ಪೊಲೀಸ್ ಅಧಿಕಾರಿ ಇನ್ನೂ ಬದುಕಿದ್ದಾನಂತೆ, ಹೆಂಡತಿಯ ಜೊತೆ ಮನೆಸಾಲದ ಬಗ್ಗೆ ಜಗಳವಾಡುತ್ತಿದ್ದಾನಂತೆ. ಸಿನಿಮಾವನ್ನು ಸರಣಿ ಮಾಡಿದರೆ ಎಲ್ಲರಿಗೂ ಪುರುಸೊತ್ತು ಹೆಚ್ಚುತ್ತದೆ. ಧಾರಾವಾಹಿಯನ್ನು ಸಿನಿಮಾ ಮಾಡಿದರೆ ಯಾರಿಗೂ ಚಹಾ ಕುಡಿದು ಮುಗಿಸುವಷ್ಟು ಸಮಯವಿರುವುದಿಲ್ಲ. ನಮ್ಮ ಖಾನಾವಳಿಯಲ್ಲಿ ಇದ್ದದ್ದೇ ಚಹಾ ಮತ್ತು ಪುರುಸೊತ್ತು.

ಭಾನುವಾರ ಬಂತು. ಸೂರತ್‌ನಿಂದ ಬಂದ ರೈಲಿಗೆ ನಾವು ವಡೋದರಾದಲ್ಲಿ ಹತ್ತಿಕೊಂಡೆವು. ಹರ್ಷಿಲ್ ಎದ್ದು ನಮ್ಮಿಬ್ಬರ ಕಾಲು ಮುಟ್ಟಿದ, ಸೂರತ್‌ನ ಘಾರಿ ಮಿಠಾಯಿಯ ಡಬ್ಬಿಯೊಂದನ್ನು ಶೈಲಜಾಳ ಕೈಗೆ ಕೊಟ್ಟ, ಆಮೇಲೆ ಕೂತ. ಕೂತವನು ಅಹಮದಾಬಾದಿನವರೆಗೂ ಕಾಲು ಬದಲಿಸಲಿಲ್ಲ. ಕೇಳಿದ್ದಕ್ಕೆ ಮೃದುವಾಗಿ ಉತ್ತರಿಸುತ್ತಿದ್ದ, ಉಳಿದ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದ. ಇಷ್ಟು ನೆಮ್ಮದಿಯಾಗಿ ಕೂರುವವರನ್ನು ಕಂಡರೆ ನನಗೆ ಮೊದಲಿನಿಂದ ಅನುಮಾನ. ನಾನು ಅಷ್ಟರಲ್ಲಿ ಬಾಗಿಲ ಹತ್ತಿರ ನಾಲ್ಕು ಸಲ ಹೋಗಿ ಬಂದಿದ್ದೆ. ಸಿಂಚನಾ ಅವನಿಗೆ ಗುಜರಾತಿಯಲ್ಲಿ ವಾಮನರಾಯರ ಛತ್ರಿಯ ಕಥೆ ಹೇಳುತ್ತಿದ್ದಳು, ರಾಯರ ಮಾತು ಬಂದಾಗ ಮಾತ್ರ ಕನ್ನಡಕ್ಕೆ ಹಾರುತ್ತಿದ್ದಳು.

ಮಾಲ್‌ನ ಆ ಸಿನಿಮಾ ಮಂದಿರದಲ್ಲಿ ಅಷ್ಟು ಕನ್ನಡ ಅಷ್ಟು ಬೆಳಿಗ್ಗೆ ಹಿಂದೆಂದೂ ಕೇಳಿಸಿರಲಿಕ್ಕಿಲ್ಲ. ಸಂಶೋಧನಾ ಸಂಸ್ಥೆಗಳಲ್ಲಿರುವವರ ಕುಟುಂಬಗಳು, ಬಾಡಿಗೆ ಫ್ಲಾಟುಗಳ ಹುಡುಗರು, ಮದುವೆಗೆ ಹೊರಟಂತೆ ರೇಷ್ಮೆ ಸೀರೆ ಉಟ್ಟು ಬಂದ ಹೆಂಗಸರು. ದೀಪ ಆರಿತು.

ಸ್ಟೇಷನ್ ಇತ್ತು. ಖಾನಾವಳಿಯೂ ಇತ್ತು, ಆದರೆ ಅದರ ಗೋಡೆಗಳಿಗೆ ಯಾರೋ ಬುದ್ಧಿವಂತರು ಹಳೆಯದಾಗಿ ಕಾಣುವ ಹೊಸ ಬಣ್ಣ ಹೊಡೆಸಿದ್ದರು. ಗೋದಕ್ಕ ಗೋದಾ ಆಗಿದ್ದಳು, ಅಡುಗೆ ಮಾಡುವಾಗಲೂ ಕೂದಲು ಬಿಟ್ಟುಕೊಂಡಿರುತ್ತಿದ್ದಳು. ವಾಮನರಾಯರು ಬರೀ ವಾಮನ್ ಆಗಿದ್ದರು. ವಯಸ್ಸು ಮೂವತ್ತೈದು, ತೋಳು ನನ್ನ ತೊಡೆಯಷ್ಟು ದಪ್ಪ, ಸೈನ್ಯ ಬಿಟ್ಟು ಬಂದವನು. ಖಾನಾವಳಿಯ ಜಾಗದ ಮೇಲೆ ಒಬ್ಬ ಕಟ್ಟಡದ ವ್ಯಾಪಾರಿಯ ಕಣ್ಣು ಬಿದ್ದಿದೆ. ಅವನ ಕಡೆಯವರು ಬರುತ್ತಾರೆ. ವಾಮನ್ ತಟ್ಟೆಯಿಂದ ತಲೆಯೆತ್ತಿ, ಅಚ್ಚ ಬೆಂಗಳೂರಿನ ಕನ್ನಡದಲ್ಲಿ, “ಸಾರು ತುಂಬಾ ತೆಳ್ಳಗಿದೆ ಮಗಾ” ಎಂದು ಬಿಸಿ ಸಾರಿನ ಪಾತ್ರೆಯನ್ನು ಅವರ ಮೇಲೆ ಸುರಿಯುತ್ತಾನೆ. ಮಂದಿರ ಶಿಳ್ಳೆ ಹಾಕಿತು. ಧಾರಾವಾಹಿಯಲ್ಲಿ ಒಂದು ಕಂತು ಪೂರ್ತಿ ನಡೆದಿದ್ದ ಸಾರಿನ ಜಗಳ ಅಲ್ಲಿಗೆ ಮುಗಿಯಿತು.

ಪಕ್ಕದಲ್ಲಿ ಹರ್ಷಿಲ್ ನಗುತ್ತಿದ್ದ. ಕೆಳಗೆ ಬರುತ್ತಿದ್ದ ಇಂಗ್ಲಿಷ್ ಸಾಲುಗಳನ್ನು ಓದಿಕೊಂಡು, ಎಲ್ಲಿ ನಗಬೇಕೋ ಅಲ್ಲೆಲ್ಲ ನಗುತ್ತಿದ್ದ. ಸಿಂಚನಾ ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡು ಕೂತಿದ್ದಳು.

ಆಮೇಲೆ ಆ ದೃಶ್ಯ ಬಂತು. ವಾಮನ್ ಖಾನಾವಳಿಯೊಳಗೆ ನಡೆದು ಬರುತ್ತಾನೆ. ಕ್ಯಾಮೆರಾ ಅವನನ್ನು ಬಿಟ್ಟು ನಿಧಾನಕ್ಕೆ ಮೂಲೆಯ ಮೇಜಿಗೆ ಹೋಗುತ್ತದೆ. ಅಲ್ಲೊಬ್ಬ ಮುದುಕರು ಎಲೆಯ ಮುಂದೆ ಕೂತಿದ್ದಾರೆ. ಹಳೆಯ ಧಾರಾವಾಹಿಯಲ್ಲಿ ವಾಮನರಾಯರಾಗಿದ್ದ ನಟರೇ ಅವರು. ಎಷ್ಟು ಬಾಡಿಹೋಗಿದ್ದರೆಂದರೆ ಮೂಗಿನಿಂದ ಗುರುತು ಹಿಡಿಯಬೇಕಾಯಿತು. ಮಂದಿರವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಪಿಟೀಲುಗಳು ಜೋರಾದವು. ಅವರು ಒಂದು ತುತ್ತು ಬಾಯಿಗಿಟ್ಟುಕೊಂಡರು, ತಲೆಯೆತ್ತಿ ನೋಡಿದರು. ಅಷ್ಟೇ, ಕ್ಯಾಮೆರಾ ಮತ್ತೆ ತೋಳುಗಳ ಕಡೆಗೆ ಹೋಯಿತು.

ಸಿಂಚನಾ ಎದ್ದು ನಮ್ಮೆಲ್ಲರ ಮೊಣಕಾಲುಗಳನ್ನು ದಾಟಿಕೊಂಡು ಹೊರಗೆ ಹೋದಳು. ಎದ್ದು ಹೋಗುವುದು ನಮ್ಮ ಮನೆಯಲ್ಲಿ ನನ್ನ ಹಕ್ಕು. ಅವಳು ಹೋದದ್ದು ನೋಡಿ ನನಗೆ ಗಾಬರಿಯಾಯಿತು, ಹಿಂದೆಯೇ ಹೋದೆ. ಮುಚ್ಚಿದ್ದ ಟಿಕೆಟ್ ಕಿಟಕಿಯ ಪಕ್ಕ ಗೋಡೆಗೆ ಒರಗಿ ನಿಂತಿದ್ದಳು.

“ಅವರಿಗೆ ಒಂದರ ಮಾತು ಕೊಡಬೇಕಿತ್ತಲ್ರಿ ಪಪ್ಪಾ.”

“ವಯಸ್ಸಾಗಿದೆ ಕಣೇ. ಮಾತಾಡೋಕೆ ಆಗುತ್ತೋ ಇಲ್ಲವೋ.”

“ಆಗ್ತದ. ತುಟಿ ಅಲ್ಲಾಡಿದ್ದು ನಾ ನೋಡೀನಿ. ಏನೋ ಅಂದ್ರು ಅವರು. ಮ್ಯೂಸಿಕ್ ಹಾಕಿ ಮುಚ್ಚಿಬಿಟ್ರು.”

ನಾನು ತುಟಿ ನೋಡಿರಲಿಲ್ಲ. ಅವಳ ಪಕ್ಕ ಗೋಡೆಗೆ ಒರಗಿ ನಿಂತೆ. ನನಗೆ ಅವರು ಒಬ್ಬ ಹಳೆಯ ನಟ. ಅವಳಿಗೆ ಮಾತು ಕಲಿಸಿದವರು. ಕಾಲು ಮುರಿದು ಮಲಗಿದ್ದ ಹುಡುಗಿಗೆ ದಿನವೂ ತಪ್ಪದೆ ಬಂದು ಕನ್ನಡ ಹೇಳಿಕೊಟ್ಟ ಮೇಷ್ಟರನ್ನು, ಬಾಯಿ ಕಟ್ಟಿ ಮೂಲೆಯಲ್ಲಿ ಕೂರಿಸಿದ್ದನ್ನು ನೋಡಿ ಬಂದಿದ್ದಳು.

ವಿರಾಮದಲ್ಲಿ ಹರ್ಷಿಲ್ ಪಾಪ್‌ಕಾರ್ನ್ ಹಿಡಿದು ಬಂದ. “ಮಜಾ ಆವೀ ಗಈ, ಅಂಕಲ್” ಅಂದ. ಆಮೇಲೆ ಅವಳನ್ನು ನೋಡಿ, ಎಲ್ಲರೂ ಚಪ್ಪಾಳೆ ತಟ್ಟಿದರಲ್ಲ, ಆ ಅಜ್ಜ ಯಾರು ಎಂದು ಕೇಳಿದ. “ಕೋಈ ನಹೀ” ಎಂದಳು ಸಿಂಚನಾ. ಯಾರೂ ಅಲ್ಲ. ಉಳಿದರ್ಧ ಸಿನಿಮಾ ಅವಳು ಅವನ ಜೊತೆ ಒಂದು ಮಾತೂ ಆಡಲಿಲ್ಲ. ನಾನು, ನಂಬಿದರೆ ನಂಬಿ, ಒಮ್ಮೆಯೂ ಎದ್ದು ಹೋಗಲಿಲ್ಲ. ನನ್ನ ಚಡಪಡಿಕೆಗೆ ಪರದೆಯ ಬದಲು ಪಕ್ಕದ ಸೀಟುಗಳೇ ಸಾಕಷ್ಟು ಕೆಲಸ ಕೊಟ್ಟಿದ್ದವು.

ಮಧ್ಯಾಹ್ನದ ಊಟ ಅದೇ ಊರಿನ ಚಾಂದ್‌ಖೇಡಾದಲ್ಲಿ, ಸಾವಿತ್ರಿಬಾಯಿಯವರ ಮನೆಯಲ್ಲಿ. ಅವರ ಯಜಮಾನರು ತೈಲ ಕಂಪನಿಯಲ್ಲಿದ್ದಾರೆ. ಹಿಂದೆ ವಡೋದರಾದಲ್ಲಿದ್ದಾಗ ಶೈಲಜಾಳಿಗೆ ಪರಿಚಯವಾದವರು. ಸಾವಿತ್ರಿಬಾಯಿ ಧಾರವಾಡದ ಹೆಣ್ಣು. ಜೋಳದ ರೊಟ್ಟಿ, ಝುಣಕ, ಎಣ್ಣೆಗಾಯಿ ಮಾಡಿದ್ದರು. ಮಗಳನ್ನು ಅವರು ನೋಡುತ್ತಿದ್ದದ್ದು ಅದೇ ಮೊದಲು. ಸಿನಿಮಾ ಹೇಗಿತ್ತು ಎಂದು ಕೇಳಿದರು.

“ಏನ್ ಹೇಳ್ಲಿರೀ,” ಎಂದಳು ಸಿಂಚನಾ, “ಛಂದ ಮನಿ ಕೆಡವಿ, ಅದರ ಬಾಗಲಾ ಒಂದ ಉಳಿಸ್ಕೊಂಡು, ನೋಡ್ರಿ ಅದ ಮನಿ ಅಂತಾರ.”

ಸಾವಿತ್ರಿಬಾಯಿ ರೊಟ್ಟಿ ಬಡಿಸುವುದನ್ನು ನಿಲ್ಲಿಸಿದರು. “ಧಾರವಾಡದಾಗ ಯಾವ ಓಣಿಯವ್ರವಾ ನೀವು?”

“ಫತೇಗಂಜ್‌ರೀ.”

ಅವರು ನಕ್ಕರು. ಒಮ್ಮೆ ಶುರುವಾದ ನಗು ನಿಲ್ಲಲಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. “ಅಯ್ಯ ನನ್ನವ್ವ, ಹೆಣ್ಮಕ್ಕಳು ಹಿಂಗ ಮಾತಾಡಂಗಿಲ್ಲ. ಇದು ರಿಟಾಯರ್ ಆದ ಗಂಡಸರ ಮಾತು. ಅದೂ ನಮ್ಮಪ್ಪನ ಕಾಲದ್ದು. ಈಗ ಅಲ್ಲಿನೂ ಯಾರೂ ಹಿಂಗ ಅನ್ನಂಗಿಲ್ಲ.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಮಗಳ ಮುಖ ನೋಡಿ ನಿಲ್ಲಿಸಿದೆ. ಅವಳೂ ನಗುತ್ತಿದ್ದಳು, ಅಂಗಡಿಯಲ್ಲಿ ಚಿಲ್ಲರೆ ಇಲ್ಲ ಅಂದಾಗ ನಗುವಂಥ ನಗು. ಅಲ್ಲಿಂದ ಮುಂದೆ ಅವಳು ಕನ್ನಡ ಬಿಟ್ಟಳು. ಯಾರೇನು ಕೇಳಿದರೂ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಚುಟುಕಾಗಿ ಹೇಳಿ ತಟ್ಟೆಯ ಕಡೆ ನೋಡುತ್ತಿದ್ದಳು. ಬೆಳಿಗ್ಗೆ ಮೇಷ್ಟರ ಮಾತು ಹೋಗಿತ್ತು, ಮಧ್ಯಾಹ್ನ ಅವಳದ್ದೂ ಹೋಯಿತು. ನಾನು ಕೂತಲ್ಲಿ ಕೂರಲಾಗದೆ ನೀರು ತರುವ ನೆಪದಲ್ಲಿ ಎದ್ದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಹೊಳೆದದ್ದು ಇಷ್ಟು: ಇವಳು ಈಗ ಕನ್ನಡ ಬಿಟ್ಟರೆ ನಾನು ಆಮೆ, ಇಲಿ, ಈಟಿಯಿಂದ ಮತ್ತೆ ಶುರು ಮಾಡಲಾರೆ.

ಸಾವಿತ್ರಿಬಾಯಿಗೂ ತಿಳಿಯಿತು. ಇನ್ನೊಂದು ರೊಟ್ಟಿ ಹಿಡಿದು ಅವಳ ಪಕ್ಕ ಬಂದು ಕೂತರು.

“ಸಿಟ್ಟು ಬಂತೇನವಾ?”

“ನೋ ಆಂಟಿ, ಠೀಕ್ ಹೈ.”

“ನನಗ ಠೀಕ್ ಹೈ ಅನಬ್ಯಾಡ. ನಮ್ಮಪ್ಪ ತೀರಿಕೊಂಡ ಮ್ಯಾಲೆ ಆ ಮಾತು ಕಿವಿಗೆ ಬಿದ್ದಿರಲಿಲ್ಲ. ಅದಕ್ಕ ನಗು ಬಂತು. ಇನ್ನೊಂದು ಏನರ ಮಾತಾಡು, ಕೇಳ್ತೀನಿ.”

ಕೇಳಿದ ಕೂಡಲೇ ಬರುವಂಥದ್ದಲ್ಲ ಮಾತು. ಸಿಂಚನಾ ಬಾಯಿ ತೆರೆದಳು, ಮುಚ್ಚಿದಳು. ಎಲ್ಲರೂ ಅವಳನ್ನೇ ನೋಡುತ್ತ ಕೂತು ಇನ್ನಷ್ಟು ಕೆಡಿಸಿದೆವು.

ಆಗ ಹರ್ಷಿಲ್, ಅಷ್ಟು ಹೊತ್ತೂ ಎಣ್ಣೆಗಾಯಿಯ ಖಾರಕ್ಕೆ ಮೂಗು ಒರೆಸಿಕೊಳ್ಳುತ್ತ ಸುಮ್ಮನಿದ್ದವನು, ಗುಜರಾತಿಯಲ್ಲಿ ಅವಳನ್ನು ಕೇಳಿದ. “ಆ ಅಜ್ಜ, ಅವರೇ ಅಲ್ಲವೇ ನಿನ್ನ ವಾಮನ್‌ರಾವ್?”

ಅವಳು ಹೌದೆಂದು ತಲೆಯಾಡಿಸಿದಳು.

“ಅವರು ಏನೋ ಹೇಳಿದರು. ಮ್ಯೂಸಿಕ್ಕಿನಲ್ಲಿ ಕೇಳಿಸಲಿಲ್ಲ. ಕೆಳಗೆ ಬರಹವೂ ಬರಲಿಲ್ಲ. ಏನಂದಿರಬಹುದು?”

ಬಣ್ಣ ಹೊಂದಿಸುವವನ ಕಣ್ಣು. ಮಂದಿರದಲ್ಲಿ ಅಷ್ಟು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದೆವು. ಕನ್ನಡದ ಒಂದಕ್ಷರ ಬಾರದ ಇವನು ಕೂತಲ್ಲೇ ಕೂತು ತುಟಿ ನೋಡಿದ್ದ. ಸಿಂಚನಾ ಅವನ ಕಡೆ ತಿರುಗಿದಳು. ಆಮೇಲೆ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು, ಬೆನ್ನು ಒಂದಿಷ್ಟು ಬಾಗಿಸಿ, ಕತ್ತೆತ್ತಿ ಅಂದಳು:

“ಏನ್ರೀ, ನನ್ನ ಊಟಾನ ಇನ್ನ ಮುಗದಿಲ್ಲ, ಎಲಿ ಎತ್ತಲಿಕ್ಕೆ ಬಂದ್ರೇನು?”

ಯಾರೂ ನಗಲಿಲ್ಲ. ಸಾವಿತ್ರಿಬಾಯಿ ಅವಳ ತಟ್ಟೆಗೆ ರೊಟ್ಟಿ ಹಾಕಿ, “ಉಣ್ಣು. ಯಾರೂ ಎತ್ತಂಗಿಲ್ಲ” ಎಂದರು. ಹರ್ಷಿಲನಿಗೆ ಅವಳೇ ಗುಜರಾತಿಯಲ್ಲಿ ಅರ್ಥ ಹೇಳಿದಳು. ಆಮೇಲೆ ಸಾವಿತ್ರಿಬಾಯಿಯ ಯಜಮಾನರು, ರಾಯರು ಬೇರೆ ಏನಾದರೂ ಅಂದಿರಬಹುದು ಎಂದು ತಮ್ಮದೊಂದು ಮಾತು ಸೇರಿಸಿದರು. ಶೈಲಜಾ ತಿಪಟೂರಿನ ಕನ್ನಡದಲ್ಲಿ ಇನ್ನೊಂದು ಹೇಳಿ, ಅದು ರಾಯರ ಬಾಯಲ್ಲಿ ಕೂರುವುದಿಲ್ಲವೆಂದು ಮಗಳಿಂದ ಬೈಸಿಕೊಂಡಳು. ಊಟ ಮುಗಿಯುವ ಹೊತ್ತಿಗೆ ಆ ಮುದುಕರಿಗೆ ಇಡೀ ಒಂದು ಕಂತಿನಷ್ಟು ಮಾತು ಬರೆದುಕೊಟ್ಟಿದ್ದೆವು.

ಸಂಜೆಯ ರೈಲಿನಲ್ಲಿ ನಾನು ಯೋಚಿಸುತ್ತಿದ್ದೆ. ಕಥೆಯನ್ನು ಎಳೆಯುವುದೂ ಕುಗ್ಗಿಸುವುದೂ ನಮಗೆ ಹೊಸದಲ್ಲ. ಬಯಲಾಟದವರು ಬೆಳಗಾಗುವವರೆಗೆ ಆಡುವ ಪ್ರಸಂಗವನ್ನೇ ಹರಿಕಥೆಯ ದಾಸರು ಎರಡು ಗಂಟೆಯಲ್ಲಿ ಮುಗಿಸುತ್ತಿದ್ದರು, ನಮ್ಮಜ್ಜಿ ಒಂದು ಬಟ್ಟಲು ಮೊಸರನ್ನದಲ್ಲಿ ಮುಗಿಸುತ್ತಿದ್ದಳು. ಹಳೆಯ ಕವಿಗಳು ಎಲ್ಲಿಂದಲೋ ಕಥೆ ತಂದು ತಮ್ಮ ಊರಿನ ಅಡುಗೆ, ತಮ್ಮ ಊರಿನ ಬೈಗುಳ ಸೇರಿಸಿ ಹೇಳಿದರು. ಮೂಲದಲ್ಲಿ ಹೀಗಿರಲಿಲ್ಲ ಎಂದು ಎದ್ದು ಹೋದವರು ಆಗಲೂ ಇದ್ದಿರಬೇಕು. ನನಗೆ ಸಿನಿಮಾದವರ ಮೇಲೆ ಇದ್ದ ಸಿಟ್ಟು ತಪ್ಪೋ ಸರಿಯೋ ಎಂದು ತೀರ್ಮಾನವಾಗಲಿಲ್ಲ. ಸಾರನ್ನು ತಲೆಯ ಮೇಲೆ ಸುರಿದದ್ದಕ್ಕೆ ಕ್ಷಮಿಸಬಹುದು. ಪಿಟೀಲಿನಿಂದ ಬಾಯಿ ಮುಚ್ಚಿಸಿದ್ದಕ್ಕೆ ಆಗದು ಎಂಬಲ್ಲಿಗೆ ಬಂದು ನಿಂತೆ.

ಎದುರು ಸೀಟಿನಲ್ಲಿ ಸಿಂಚನಾ ಫೋನಿನಲ್ಲಿ ಅಸಲಿ ಖಾನಾವಳಿಯ ಮೊದಲ ಕಂತು ಹಾಕಿ ಹರ್ಷಿಲನ ಕೈಗೆ ಕೊಟ್ಟಿದ್ದಳು. ಒಂದು ಕಿವಿಗೆ ಅವನು, ಒಂದು ಕಿವಿಗೆ ಅವಳು. ಅವಳ ಮುಖದಲ್ಲಿ ಪರೀಕ್ಷೆಗೆ ಕೂತವರ ಆತಂಕವಿತ್ತು. ಆನಂದ್ ಸ್ಟೇಷನ್ ದಾಟುವ ಹೊತ್ತಿಗೆ ಹರ್ಷಿಲನ ತಲೆ ಒಂದು ಕಡೆಗೆ ವಾಲಿತು. ಇನ್ನೊಂದು ನಿಮಿಷಕ್ಕೆ ಅವನು ಅವಳ ಹೆಗಲ ಮೇಲೆ ಗಾಢ ನಿದ್ದೆಯಲ್ಲಿದ್ದ. ಫೋನಿನಲ್ಲಿ ಗೋದಕ್ಕ ಅಕ್ಕಿ ಆರಿಸುತ್ತಲೇ ಇದ್ದಳು.

ನಾನು ಸೀಟಿನ ತುದಿಗೆ ಸರಿದೆ. ಬೆಳಿಗ್ಗೆ ನಕಲಿಗೆ ನಕ್ಕವನು ಈಗ ಅಸಲಿಗೆ ಮಲಗಿದ್ದಾನೆ. ಇನ್ನು ಸೂರತ್‌ನವರೆಗೆ ಏನೇನು ನಡೆಯುತ್ತದೋ. ಸಿಂಚನಾ ಸ್ವಲ್ಪ ಹೊತ್ತು ಪರದೆ ನೋಡಿದಳು. ಆಮೇಲೆ ಕಿವಿಯಿಂದ ತಂತಿ ತೆಗೆದು, ನನ್ನ ಕಡೆ ಬಾಗಿ, ಗುಟ್ಟು ಹೇಳುವವಳಂತೆ, “ಪಪ್ಪಾ, ಇದು ಖರೇನ ಸ್ವಲ್ಪ ಉದ್ದ ಆತಲ್ರಿ. ಅಕ್ಕಿ ಇಷ್ಟೊತ್ತು ಆರಿಸ್ತಾರೇನು?” ಅಂದಳು.

ನಾನೂ ಅದನ್ನೇ ಯೋಚಿಸುತ್ತಿದ್ದೆ, ಒಪ್ಪಿಕೊಳ್ಳಲಿಲ್ಲ. “ಆಗ ಎಲ್ಲರಿಗೂ ಪುರುಸೊತ್ತಿತ್ತು” ಅಂದೆ.

ವಡೋದರಾ ಬಂತು. ಶೈಲಜಾ ಚೀಲ ಎತ್ತಿಕೊಂಡಳು. ಹುಡುಗನಿಗೆ ಹೇಳದೆ ಇಳಿಯುವುದು ಸರಿಯಲ್ಲವೆಂದು ನಾನು ಅವನ ಭುಜ ಮುಟ್ಟಲು ಕೈ ಚಾಚಿದೆ. ಸಿಂಚನಾ ನನ್ನ ಕೈ ತಡೆದಳು.

“ಎಬ್ಬಿಸ್ಬೇಡಿ ಪಪ್ಪಾ. ಪಾಪ, ಬೆಳಿಗ್ಗೆ ಬೇಗ ಎದ್ದಿದಾನೆ. ಮಲಕ್ಕೊಳ್ಳಲಿ ಬಿಡಿ.”

ಇಳಿಯುವವರು ಹಿಂದಿನಿಂದ ತಳ್ಳುತ್ತಿದ್ದರು. ನಾವು ಪ್ಲಾಟ್‌ಫಾರಂ ಮೇಲೆ ನಿಂತು, ಕಿಟಕಿಯಲ್ಲಿ ಅವಳು ಮೆಲ್ಲಗೆ ಕೈಬೀಸುವುದನ್ನು ನೋಡಿದೆವು. ರೈಲು ಹೊರಟಿತು. ಕೊನೆಯ ಡಬ್ಬಿ ದಾಟಿ ಹೋದ ಮೇಲೂ ಇಬ್ಬರೂ ಅಲ್ಲೇ ನಿಂತಿದ್ದೆವು.

“‘ಎಬ್ಬಿಸ್ಬೇಡಿ’ ಅಂದಳು, ಕೇಳಿಸ್ತಾ?” ಎಂದಳು ಶೈಲಜಾ.

“ಹೂಂ.”

“ಅದು ಯಾವ ಕಂತಲ್ಲೂ ಇಲ್ಲ.”

“ಇಲ್ಲ.”

“ನೀವೇನಾದರೂ ಹೇಳಿಕೊಟ್ಟಿದ್ರಾ?”

“ನಾನೆಲ್ಲಿ ಹೇಳಿಕೊಡಲಿ. ನೀನು?”

ಅವಳೂ ಇಲ್ಲವೆಂದು ತಲೆಯಾಡಿಸಿ, ಸೂರತ್‌ನ ಮಿಠಾಯಿ ಇದ್ದ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡು, ಮೆಟ್ಟಿಲುಗಳ ಕಡೆ ನಡೆಯತೊಡಗಿದಳು.

“ಹಾಗಾದರೆ ಅವಳದೇ ಇರಬೇಕು” ಅಂದಳು.